ಅಷ್ಟಾಂಗ, ಕುರ್ಚಿ, ಕೌದಿ: ನನ್ನ 14 ವರ್ಷ

"ಎರಡು ದೋಣಿ ಮ್ಯಾಲ ಕಾಲಿಡಬ್ಯಾಡ್ರಿ ಸರ" ಎಂದು ಜೊತೆಗೆ ಯೋಗಾಭ್ಯಾಸ ಮಾಡುವವರು ಎಷ್ಟು ಸಲ ಹೇಳಿದರೋ. ಅಷ್ಟಾಂಗ, ಅಯ್ಯಂಗಾರ್ ಅಂತ ಎರಡು ಯೋಗ ಪದ್ಧತಿ ಬೆರೆಸುತ್ತೇನೆ ಅಂತ ಅವರ ತಕರಾರು. ಈ ಚಳಿಗಾಲ, 47ನೇ ವಯಸ್ಸಿಗೆ, ಮರೀಚ್ಯಾಸನ ಡಿ, ಅಂದರೆ ಕೂತು ಸೊಂಟ ತಿರುಚಿ ಬೆನ್ನ ಹಿಂದೆ ಕೈ ಹಿಡಿಯುವ ಆಸನದಲ್ಲಿ ಎರಡೂ ಕಡೆ ಕೈ ಸಿಕ್ಕಿತು. ಅದಕ್ಕೇ ಬರೆಯುತ್ತಿದ್ದೇನೆ.

ಶುರು ಮಾಡಿದ್ದು ಅಷ್ಟಾಂಗದಿಂದ, ಉಸಿರಿನ ಲೆಕ್ಕಕ್ಕೆ ಒಂದಾದ ಮೇಲೊಂದು ಆಸನ ಮಾಡುವ ಪದ್ಧತಿ. ಮೈಸೂರಿನಲ್ಲಿ ಒಂದು ತಿಂಗಳು ಇದ್ದು ಕಲಿತೆ. ಫೀ, ರೂಮು, ಊಟ ಸೇರಿ 40 ಸಾವಿರದ ಹತ್ತಿರ ಹೋಯಿತು. ಕಲಬುರಗಿಗೆ ಬಂದು ವಾರಕ್ಕೆ ಆರು ದಿನ ಪೂರ್ತಿ ಪ್ರೈಮರಿ, ಅಂದರೆ ಅಷ್ಟಾಂಗದ ಮೊದಲ ಸರಣಿ. ಚತುರಂಗದಲ್ಲಿ, ಅಂದರೆ ದಂಡ ಹೊಡೆದಂತೆ ಮೈ ಇಳಿಸುವ ಆಸನದಲ್ಲಿ, ಭುಜ ಮೊಣಕೈಗಿಂತ ಕೆಳಗೆ ಇಳಿಯುತ್ತಿತ್ತು. ನೋಡಿ ಹೇಳುವವರು ಇರಲಿಲ್ಲ. ಮೂರನೇ ವರ್ಷ ಬಲ ಭುಜ ಹಿಡಿಯಿತು. ಅಂಗಿಯ ತೋಳಿಗೆ ಕೈ ಹಾಕುವುದಕ್ಕೂ ಆಗುತ್ತಿರಲಿಲ್ಲ. ಎಂಆರ್‌ಐ, ಫಿಸಿಯೋ ಅಂತ ಸುಮಾರು 18 ಸಾವಿರ ಖರ್ಚು.

ಆಮೇಲೆ ಅಯ್ಯಂಗಾರ್ ಪದ್ಧತಿ. ಅದರಲ್ಲಿ ಕುರ್ಚಿ, ಕಂಬಳಿ ಮುಂತಾದವುಗಳ ಆಸರೆಯಲ್ಲಿ ಆಸನ ಮಾಡುತ್ತಾರೆ. ಆ ಪ್ರಾಪ್ಸ್ ಸೆಟ್ಟಿಗೆ ಆರು ಸಾವಿರ ಅಂದರು. ತರಿಸಲಿಲ್ಲ. ಮನೆಯ ಮಡಚುವ ಕಬ್ಬಿಣದ ಕುರ್ಚಿ ವೆಲ್ಡಿಂಗ್ ಅಂಗಡಿಗೆ ಒಯ್ದು, ಕಾಲು ತೂರಿಸಲು ಬರುವಂತೆ ಬೆನ್ನಿನ ತಗಡು ಕೊಯ್ಸಿದೆ. "ಛಲೋ ಕುರ್ಚಿ ಯಾಕ ಹಾಳ ಮಾಡ್ತೀರಿ ಕಾಕಾ" ಎಂದ ವೆಲ್ಡಿಂಗ್ ಹುಡುಗ. ಆದರೂ ಅಂಚು ನುಣ್ಣಗೆ ಉಜ್ಜಿಕೊಟ್ಟ. 150 ರೂಪಾಯಿ. ಕಂಬಳಿ ಬದಲು ಅವ್ವ ಹೊಲಿದ ಕೌದಿ. ಸರ್ವಾಂಗಾಸನಕ್ಕೆ ಮೂರು ಕೌದಿ ಮಡಿಚಿ ಭುಜದ ಕೆಳಗೆ ಹಾಕಿದರೆ ಯಾವ ಫೋಮೂ ಅದಕ್ಕೆ ಸಮ ಇಲ್ಲ. ಮೈಭಾರಕ್ಕೆ ಕುಗ್ಗುವುದಿಲ್ಲ. ಶಹಾಬಾದ್ ಕಲ್ಲಿನ ನೆಲದಲ್ಲಿ ಮಾತ್ರ ಜಾರುತ್ತದೆ, ಅಡಿಗೆ ಹಳೇ ಮ್ಯಾಟಿನ ತುಂಡು ಹಾಕಬೇಕು.

ನಡುವೆ ಬಿಸಿ ಕೋಣೆಯ ಯೋಗವನ್ನೂ ನೋಡಿದೆ. ಅದಕ್ಕೆ ಬೇಕಾದ 40 ಡಿಗ್ರಿ ನಮ್ಮಲ್ಲಿ ಮೇ ತಿಂಗಳಲ್ಲಿ ಪುಕ್ಕಟೆ. ಮಾಳಿಗೆ ಕೋಣೆಯಲ್ಲಿ ನಾಲ್ಕು ದಿನ ಮಾಡಿದೆ. ತೊಡೆಯ ಹಿಂದಿನ ಬಿಗಿ ಬೆಣ್ಣೆ ಹಾಗೆ ಬಿಟ್ಟಿತು. ಐದನೇ ದಿನ ತಲೆ ಸುತ್ತಿ ಕಾಲು ಸೆಳೆಯಿತು. ಬೇಸಿಗೆಯಲ್ಲಿ ಮೈ ಬೇಕಾದ್ದಕ್ಕಿಂತ ಜಾಸ್ತಿ ಬಗ್ಗುತ್ತದೆ, ಆಗ ಎಳೆಯಬಾರದು ಅಂತ ಅಲ್ಲೇ ಗೊತ್ತಾಯಿತು.

ಈಗ ಮಾರ್ಚ್‌ನಿಂದ ಜೂನ್‌ವರೆಗೆ ಕುರ್ಚಿ, ಕೌದಿ, ಕಾಲು ಮೇಲೆತ್ತಿ ಮಲಗುವ ವಿಪರೀತ ಕರಣಿ. ಮಳೆ ಹಿಡಿದ ಮೇಲೆ ನಿಂತ ಆಸನಗಳು, ಒಂದೊಂದು ನಿಮಿಷ. ದೀಪಾವಳಿ ಆದ ಮೇಲೆ ಅರ್ಧ ಪ್ರೈಮರಿ. ಆಸನಗಳ ನಡುವಿನ ಜಿಗಿತ ಕಮ್ಮಿ. ಬೆರೆಸಬಾರದು ಅನ್ನುವವರಿಗೆ ಒಂದು ಮಾತು: ಅಷ್ಟಾಂಗ ಕಲಿಸಿದ ಪಟ್ಟಾಭಿ ಜೋಯಿಸರು, ಕುರ್ಚಿ ಪದ್ಧತಿಯ ಅಯ್ಯಂಗಾರರು ಇಬ್ಬರೂ ಯೋಗಗುರು ಕೃಷ್ಣಮಾಚಾರ್ಯರ ಶಿಷ್ಯರೇ ಅಲ್ವಾ?

ಮರೀಚ್ಯಾಸನಕ್ಕೆ ಮೊದಲು ಕುರ್ಚಿ ಮೇಲೆ ಕೂತು ಮೈ ತಿರುಚುವ ಭರದ್ವಾಜಾಸನ, ಎರಡೆರಡು ನಿಮಿಷ. ಮೊಣಕಾಲುಗಳ ನಡುವೆ ಏನಿಟ್ಟುಕೊಳ್ಳುತ್ತೇನೆ ಅನ್ನುವುದನ್ನು ಮನೆಗೆ ಬಂದವರಿಗಷ್ಟೇ ತೋರಿಸುತ್ತೇನೆ. ದೋಣಿ ಮಾತು ಹೇಳಿದವರಲ್ಲೇ ಇಬ್ಬರು ಹೋದ ವಾರ ಕುರ್ಚಿ ಕೊಯ್ಸಿಕೊಂಡು ಬಂದರು. ಆ ಹುಡುಗ ಈಗ 200 ತಗೊಳ್ಳುತ್ತಾನಂತೆ.