ಪೋರ್ಟ್ ಮಾಡಿಸೋ ಮುಂಚೆ ಒಳಕೋಣೆಯಲ್ಲಿ ನಿಂತು ನೋಡಿ

ಹನುಮಂತನಗರದ ನಮ್ಮ ರೀಚಾರ್ಜ್ ಅಂಗಡಿಗೆ ಬರೋರು ಕೇಳೋದು ಒಂದೇ: "ಅಕ್ಕಾ, ಯಾವ ಸಿಮ್ ಚೆನ್ನಾಗಿದೆ?" ನಾನು ವಾಪಸ್ ಕೇಳ್ತೀನಿ: ಮನೆ ಎಷ್ಟನೇ ಮಹಡಿ, ಫೋನ್ ಯಾವುದು, ದಿನದಲ್ಲಿ ಹೆಚ್ಚು ಹೊತ್ತು ಕೂರೋದು ಎಲ್ಲಿ? ಇಷ್ಟು ತಿಳಿಯದೆ ಕಂಪನಿ ಹೆಸರು ಹೇಳೋದು ಸುಮ್ಮನೆ ಬಾಯಿಮಾತು.

ಹಿಂದೆ ಈ ಪೈಪೋಟಿ ಕಣ್ಣಿಗೆ ಕಾಣ್ತಿತ್ತು, ಮೊಬೈಲಿಗೆ ಒಂದಕ್ಕೊಂದು ಹೊಂದದ ಎರಡು ತಂತ್ರಜ್ಞಾನ ಇದ್ದವು. ರಿಲಯನ್ಸ್, ಟಾಟಾ ಇಂಡಿಕಾಂ ಸಿಡಿಎಂಎ. ಏರ್‌ಟೆಲ್, ಸ್ಪೈಸ್, ಹಚ್ ಜಿಎಸ್‌ಎಂ. ಸಿಡಿಎಂಎ ಬಿಟ್ಟು ಈಚೆ ಬರಬೇಕು ಅಂದ್ರೆ ಸೆಟ್ಟನ್ನೇ ಬದಲಾಯಿಸಬೇಕಿತ್ತು, ನಂಬರೂ ಹೋಗ್ತಿತ್ತು. ನಂಬರ್ ಉಳಿಸಿಕೊಂಡು ಕಂಪನಿ ಬಿಡೋ ಅವಕಾಶ, ಅಂದ್ರೆ ಪೋರ್ಟ್, ದೇಶಕ್ಕೆಲ್ಲ ಸಿಕ್ಕಿದ್ದು 2011ರ ಜನವರಿಯಲ್ಲಿ. ಈಗ ಬಹುತೇಕ ಎಲ್ಲರ ಬೋರ್ಡ್ ಮೇಲೂ 5ಜಿ ಅಂತಲೇ ಇರುತ್ತೆ, ವ್ಯತ್ಯಾಸ ಒಳಗಡೆ ಅಡಗಿದೆ.

ಬೆಂಗಳೂರಿಗೆ ಏರ್‌ಟೆಲ್ 5ಜಿ ಬಂದದ್ದು 2022ರ ಅಕ್ಟೋಬರ್‌ನಲ್ಲಿ, ಜಿಯೋದು ನವೆಂಬರ್‌ನಲ್ಲಿ. ವಿಐ ಬಂದಿದ್ದು 2025ಕ್ಕೆ. ಏರ್‌ಟೆಲ್ ಶುರು ಮಾಡಿದ್ದು ನಾನ್-ಸ್ಟ್ಯಾಂಡಲೋನ್ ವಿಧಾನದಲ್ಲಿ. ಅಂದ್ರೆ 5ಜಿ ಅನ್ನೋದು 4ಜಿ ನೆಲಮಹಡಿ ಮೇಲೆ ಎಬ್ಬಿಸಿದ ಮೊದಲ ಮಹಡಿ. ಕೆಳಗಿನದು ಅಲ್ಲಾಡಿದ್ರೆ ಮೇಲಿನದೂ ಅಲ್ಲಾಡುತ್ತೆ. ಲಾಭ ಏನಪ್ಪಾ ಅಂದ್ರೆ ಹಳೆಯ 5ಜಿ ಫೋನ್‌ಗಳೂ ಓಡುತ್ತವೆ. ಜಿಯೋ ಸ್ಟ್ಯಾಂಡಲೋನ್ ಹಿಡಿಯಿತು, 4ಜಿ ಹಂಗಿಲ್ಲ. ಜೊತೆಗೆ 2022ರ ತರಂಗಾಂತರ ಹರಾಜಿನಲ್ಲಿ 700 ಮೆಗಾಹರ್ಟ್ಸ್ ಅಲೆ ಕೊಂಡದ್ದು ಅದೊಂದೇ ಕಂಪನಿ. ಕಡಿಮೆ ಮೆಗಾಹರ್ಟ್ಸ್‌ನ ಅಲೆ ಗೋಡೆ ದಾಟಿ ಒಳಗೆ ಬರುತ್ತೆ. 3300ರದ್ದು ವೇಗ ಕೊಡುತ್ತೆ, ಆದ್ರೆ ಎರಡು ಗೋಡೆ ಅಡ್ಡ ಬಂದ್ರೆ ಸುಸ್ತು. ಸಂದಿಯೊಳಗಿನ ನೆಲಮಹಡಿ ಮನೆಯವರು ಜಾಹೀರಾತಿನ ವೇಗ ನೋಡಬೇಡಿ, ಇದನ್ನ ನೋಡಿ.

ಮೊದಲ ಕೆಲಸ, ಫೋನ್ ತಪಾಸಣೆ. ಫೋನಿನ ವಿವರಗಳಲ್ಲಿ ಎನ್78 ಮತ್ತು ಎನ್28 ಎರಡೂ ಇವೆಯಾ, ಸ್ಟ್ಯಾಂಡಲೋನ್ ಅಂತ ಬರೆದಿದೆಯಾ ನೋಡಿ. ಎನ್78 ಅಂದ್ರೆ ಆ 3300, ಎನ್28 ಅಂದ್ರೆ ಆ 700. ಎಸ್.ಪಿ. ರಸ್ತೆಯಲ್ಲಿ ಸೆಕೆಂಡ್ ಹ್ಯಾಂಡ್ ಕೊಳ್ಳೋರಂತೂ ಹಣ ಎಣಿಸೋ ಮುಂಚೆ ನೋಡಲೇಬೇಕು. ಸಾಫ್ಟ್‌ವೇರ್ ಅಪ್‌ಡೇಟ್ ಮಾಡದೇ ಇದ್ದು, 5ಜಿ ಬರಲ್ಲ ಅಂತ ಜಗಳಕ್ಕೆ ಬರೋರೂ ಇದ್ದಾರೆ. ಅಮ್ಮನ ಹಳೆಯ ಕೀಪ್ಯಾಡ್ ಸೆಟ್ ಬರೀ 2ಜಿ ಆದ್ರೆ ಅದಕ್ಕೆ ಜಿಯೋ ಸಿಮ್ ಹಾಕಿ ಪ್ರಯೋಜನವಿಲ್ಲ. 2016ರಲ್ಲಿ ಅವರು ಬಂದಿದ್ದೇ 4ಜಿಯಿಂದ.

ಬಿಎಸ್‌ಎನ್‌ಎಲ್ 4ಜಿ ತಡವಾಗಿ, 2025ರ ಸೆಪ್ಟೆಂಬರ್‌ನಲ್ಲಿ ಉದ್ಘಾಟನೆ ಆಯ್ತು. ಅದರ ರೇಡಿಯೋ ಉಪಕರಣ ನಮ್ಮ ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್‌ನದು ಅನ್ನೋದು ನನಗೊಂದು ಖುಷಿ. ಖುಷಿಗೆ ಸಿಗ್ನಲ್ ಬರಲ್ಲ, ಅದನ್ನೂ ಅಳೆದೇ ನೋಡಿ.

ಅಳೆಯೋದು ಹೀಗೆ. ಫೋನಿನ ಎರಡನೇ ಸ್ಲಾಟ್‌ಗೆ ನೀವು ಯೋಚಿಸ್ತಿರೋ ಕಂಪನಿಯ ಹೊಸ ಪ್ರೀಪೇಯ್ಡ್ ಸಿಮ್ ಹಾಕಿ, ಸಣ್ಣ ಪ್ಲಾನ್ ಸಾಕು. ಕಡ್ಡಿ ಎಣಿಸಬೇಡಿ, ಒಂದೊಂದು ಫೋನ್ ಒಂದೊಂದು ಥರ ತೋರಿಸುತ್ತೆ. ಆಂಡ್ರಾಯ್ಡ್‌ನಲ್ಲಿ *#*#4636#*#*, ಐಫೋನ್‌ನಲ್ಲಿ *3001#12345#* ಒತ್ತಿದ್ರೆ ಡಿಬಿಎಂ, ಅಂದ್ರೆ ಸಿಗ್ನಲ್ ಬಲದ ಲೆಕ್ಕ ಸಿಗುತ್ತೆ. ಕೆಲವು ಬ್ರ್ಯಾಂಡ್‌ನೋರು ಇದನ್ನ ಮುಚ್ಚಿರ್ತಾರೆ, ಆಗ ಸೆಟ್ಟಿಂಗ್ಸ್‌ನ ಸಿಮ್ ಸ್ಟೇಟಸ್ ನೋಡಿ. 4ಜಿಯಲ್ಲಿ ಮೈನಸ್ 90ರ ಆಸುಪಾಸು ಇದ್ರೆ ಆರಾಮ. ಮೈನಸ್ 110 ದಾಟಿದ್ರೆ ಮಾತು ಕಡಿಯೋಕೆ ಶುರು. ಬಾಲ್ಕನಿಯಲ್ಲಿ ನಿಂತು ಅಳೀಬೇಡಿ! ದೇವರಮನೆ, ಬಚ್ಚಲು, ಒಳಕೋಣೆ, ಬೇಸ್‌ಮೆಂಟ್ ಪಾರ್ಕಿಂಗ್. ರಾತ್ರಿ ಒಂಬತ್ತಕ್ಕೆ ವಿಡಿಯೋನೂ ಹಾಕಿ ನೋಡಿ, ಸುತ್ತಲಿನ ಪಿಜಿ ಹುಡುಗರೆಲ್ಲ ರೂಮಿಗೆ ಬಂದು ಫೋನ್ ಹಿಡಿದಿರೋ ಹೊತ್ತದು. ಕಂಪನಿಗಳ ವೆಬ್‌ಸೈಟ್‌ನಲ್ಲಿ ಕವರೇಜ್ ನಕ್ಷೆ ಇರುತ್ತೆ, ಆದ್ರೆ ಆ ನಕ್ಷೆಗೆ ನಿಮ್ಮ ಮನೆ ಗೋಡೆ ಗೊತ್ತಿಲ್ಲ.

ಎಲ್ಲ ಕಂಪನಿಯೂ ಒಳಕೋಣೆಯಲ್ಲಿ ಸೋತ್ರೆ ಪೋರ್ಟ್ ಬೇಡ, ವೈಫೈ ಕಾಲಿಂಗ್ ಆನ್ ಮಾಡ್ಕೊಳ್ಳಿ. ಮನೆಯ ಬ್ರಾಡ್‌ಬ್ಯಾಂಡ್ ಮೇಲೇ ಮಾಮೂಲಿ ಕರೆ ಹೋಗುತ್ತೆ.

ಬದಲಾಯಿಸೋದೇ ಅಂತಾದ್ರೆ: ಇಂಗ್ಲಿಷ್‌ನಲ್ಲಿ ದೊಡ್ಡಕ್ಷರದಲ್ಲಿ ಪೋರ್ಟ್ ಅಂತ ಟೈಪ್ ಮಾಡಿ, ಒಂದು ಜಾಗ ಬಿಟ್ಟು ನಂಬರ್ ಹಾಕಿ 1900ಕ್ಕೆ ಮೆಸೇಜ್ ಕಳಿಸಿ. ಬರೋ ಕೋಡ್ ನಾಲ್ಕು ದಿನ ಚಾಲ್ತಿ. ಈಗಿನ ಕಂಪನಿಯಲ್ಲಿ 90 ದಿನ ಆಗಿರಬೇಕು, ಪೋಸ್ಟ್‌ಪೇಯ್ಡ್ ಬಾಕಿ ತೀರಿರಬೇಕು. ಸಿಮ್ ಕಳೆದು ಹೊಸದು ತಗೊಂಡು ಏಳು ದಿನ ಆಗಿಲ್ಲ ಅಂದ್ರೆ ಕೋಡ್ ಬರಲ್ಲ. ಉಳಿದ ಪ್ಲಾನ್ ದಿನಗಳು ಹೊಸ ಕಡೆಗೆ ಬರಲ್ಲ, ಅದಕ್ಕೇ ವರ್ಷದ ರೀಚಾರ್ಜ್ ಮಾಡಿಸಿದ ಮಾರನೇ ದಿನ ಪೋರ್ಟ್ ಕೇಳೋರನ್ನ ನಾನೇ ವಾಪಸ್ ಕಳಿಸ್ತೀನಿ.

ಹಳೇ ಸಿಮ್ ಸತ್ತು ಹೊಸದು ಏಳೋ ನಡುವೆ ಕೆಲವು ಗಂಟೆ ಓಟಿಪಿ ಬರಲ್ಲ. ತತ್ಕಾಲ್ ಟಿಕೆಟ್ ಮಾಡೋ ದಿನ, ಬಾಡಿಗೆ ಕಟ್ಟೋ ದಿನ ಇದನ್ನ ಇಟ್ಕೋಬೇಡಿ. ಯುಪಿಐ ಆಪ್ ಹೊಸ ಸಿಮ್‌ನಿಂದ ಮತ್ತೆ ಎಸ್‌ಎಂಎಸ್ ಕಳಿಸಿ ನೋಂದಣಿ ಮಾಡ್ಕೊಳ್ಳುತ್ತೆ, ಹಾಗಾಗಿ ಮೊದಲ ರೀಚಾರ್ಜನ್ನೇ ಎಸ್‌ಎಂಎಸ್ ಇರೋ ಪ್ಲಾನಿಗೆ ಹಾಕಿಸಿ.