ಒಡಕು ಮತ್ತು ಸುಧಾರಣೆ: ಕಥೋಲಿಕರಾಗಿ ಬಂದವರ ಬರಹಗಳನ್ನು ಓದುವ ಬಗೆ

ಬೇರೆ ಸಭೆಗಳಿಂದ ಕಥೋಲಿಕ ಧರ್ಮಸಭೆಗೆ ಬಂದವರು ಒಡಕಿನ ಬಗ್ಗೆ, ಸುಧಾರಣೆಯ ಬಗ್ಗೆ ಬರೆದದ್ದನ್ನು ಅಭ್ಯಸಿಸುವವರು ಮೊದಲು ಅವರು ಏನನ್ನು ಬಿಟ್ಟು ಬಂದರು, ಏಕೆ ಬಿಟ್ಟರು ಎಂಬುದನ್ನು ಗೊತ್ತುಮಾಡಿಕೊಳ್ಳಬೇಕು. ಇದಕ್ಕೆ ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನ ಜಾನ್ ಹೆನ್ರಿ ನ್ಯೂಮನ್ ಮತ್ತು ಹೆನ್ರಿ ಎಡ್ವರ್ಡ್ ಮ್ಯಾನಿಂಗ್ ಅವರನ್ನು ಜೊತೆಗಿಟ್ಟು ಓದುವುದು ಒಳ್ಳೆಯದು. ಇಬ್ಬರೂ ಇಂಗ್ಲೆಂಡಿನ ರಾಜ್ಯಸಭೆಯಾದ ಆಂಗ್ಲಿಕನ್ ಸಭೆಯ ಪಾದ್ರಿಗಳಾಗಿದ್ದವರು, ಮುಂದೆ ಕಥೋಲಿಕ ಸಭೆಯಲ್ಲಿ ಪೋಪರ ನಂತರದ ಕಾರ್ಡಿನಲ್ ಪದವಿಗೇರಿದವರು. ಆದರೂ ಇಬ್ಬರ ಒಲವು ಒಂದೇ ಆಗಿರಲಿಲ್ಲ.

ನ್ಯೂಮನ್ 1839ರಲ್ಲಿ ಐದನೆಯ ಶತಮಾನದ ವಿವಾದಗಳನ್ನು ಓದುತ್ತಿದ್ದಾಗ, ಅಂದು ಸಭೆಯಿಂದ ಬೇರ್ಪಟ್ಟವರ ಸ್ಥಾನದಲ್ಲೇ ತಮ್ಮ ಆಂಗ್ಲಿಕನ್ ಸಭೆಯೂ ನಿಂತಿದೆಯೇ ಎಂಬ ಸಂದೇಹಕ್ಕೆ ಒಳಗಾದರು. ಆರು ವರ್ಷ ತೊಳಲಾಡಿ 1845ರ ಅಕ್ಟೋಬರ್ 9ರಂದು ಕಥೋಲಿಕರಾದರು. ಮ್ಯಾನಿಂಗ್ ಅವರನ್ನು ಕದಲಿಸಿದ್ದು ಇತಿಹಾಸದ ಓದಿಗಿಂತ ಹೆಚ್ಚಾಗಿ ಒಂದು ತೀರ್ಪು. ಜ್ಞಾನಸ್ನಾನದ ಬೋಧನೆಗೆ ಸಂಬಂಧಿಸಿದ, ಗೋರಮ್ ಎಂಬ ಆಂಗ್ಲಿಕನ್ ಪಾದ್ರಿಯ ಪ್ರಕರಣವನ್ನು 1850ರಲ್ಲಿ ಪ್ರಿವಿ ಕೌನ್ಸಿಲ್ ಎಂಬ ರಾಜ್ಯದ ನ್ಯಾಯಮಂಡಳಿ ತೀರ್ಮಾನಿಸಿದಾಗ, ಸಭೆಯ ಬೋಧನೆಯ ಮೇಲೆ ಸರ್ಕಾರಕ್ಕೆ ಏನು ಅಧಿಕಾರವೆಂದು ಅವರು ನೊಂದರು, ಮರುವರ್ಷ ಕಥೋಲಿಕರಾದರು. ಪೋಪರ ಅಧಿಕಾರ ಗಟ್ಟಿಯಾಗಬೇಕೆಂದು ಅವರು ಮುಂದೆ ಪಟ್ಟುಹಿಡಿದದ್ದಕ್ಕೆ ಬೇರು ಇಲ್ಲಿದೆ ಎಂದೇ ನನ್ನ ಎಣಿಕೆ.

ಎರಡನೆಯದಾಗಿ, ಟೀಕೆಯನ್ನೂ ಒಡಕನ್ನೂ ಬೆರೆಸಬಾರದು. ಇಂದಿನ ಧರ್ಮಸಭಾ ಕಾನೂನಿನ 751ನೆಯ ವಿಧಿಯ ಪ್ರಕಾರ, ಪೋಪರಿಗೆ ಅಧೀನರಾಗಿರಲು ಅಥವಾ ಅವರಿಗೆ ಅಧೀನರಾದ ಸಭಾಸದಸ್ಯರೊಡನೆ ಅನ್ಯೋನ್ಯತೆಯಲ್ಲಿರಲು ನಿರಾಕರಿಸುವುದೇ ಒಡಕು. 1870ರ ಉದಾಹರಣೆಯನ್ನು ಇಲ್ಲಿ ನಿಧಾನವಾಗಿ ನೋಡಬೇಕು. ಪೋಪರ ಪ್ರಮಾದರಹಿತತೆಯನ್ನು, ಎಂದರೆ ವಿಶ್ವಾಸದ ವಿಷಯದಲ್ಲಿ ಅವರು ವಿಧಿಪೂರ್ವಕವಾಗಿ ಬೋಧಿಸುವಾಗ ತಪ್ಪಲಾರರು ಎಂಬುದನ್ನು, ಮೊದಲನೆಯ ವ್ಯಾಟಿಕನ್ ಮಹಾಸಭೆ ಘೋಷಿಸುವುದಕ್ಕೆ ಮ್ಯಾನಿಂಗ್ ಹಗಲಿರುಳು ದುಡಿದರು. ಆ ಬೋಧನೆಯನ್ನು ಸ್ವತಃ ನಂಬಿದ್ದ ನ್ಯೂಮನ್, ಘೋಷಣೆಗೆ ಅದು ಸಮಯವಲ್ಲವೆಂದು ತಮ್ಮ ಧರ್ಮಾಧ್ಯಕ್ಷರಿಗೆ ಖಾಸಗಿಯಾಗಿ ಕಟುವಾದ ಪತ್ರ ಬರೆದರು. ಅದು ಪತ್ರಿಕೆಗಳಿಗೆ ಸೋರಿಹೋಯಿತು. ಆದರೆ ಘೋಷಣೆಯಾದ ಮೇಲೆ ಅವರು ಸಭೆಯನ್ನು ಬಿಡಲಿಲ್ಲ. ಆ ಘೋಷಣೆಯನ್ನು ಒಪ್ಪದೆ 1871ರಲ್ಲಿ ಬಹಿಷ್ಕಾರಕ್ಕೆ ಒಳಗಾದ ಮ್ಯೂನಿಕ್‌ನ ಇತಿಹಾಸಕಾರ ಡೊಲಿಂಗರ್ ಹುಟ್ಟು ಕಥೋಲಿಕರು. ಹೊಸದಾಗಿ ಬಂದವರೇ ಬೇಗ ಮುನಿದು ಹೊರಡುತ್ತಾರೆಂಬ ಊಹೆಯನ್ನು ಇದೊಂದೇ ಹೋಲಿಕೆ ಅಲುಗಾಡಿಸುತ್ತದೆ.

ಆದ್ದರಿಂದ ಪ್ರತಿ ಬರಹದ ಪಕ್ಕದಲ್ಲಿ ಅದರ ವರ್ಷವನ್ನೂ, ಅದು ಯಾರಿಗೆ ಬರೆದದ್ದು ಎಂಬುದನ್ನೂ ಗುರುತುಮಾಡಿಕೊಳ್ಳಿ. ಖಾಸಗಿ ಪತ್ರದ ಮಾತನ್ನು ಸಾರ್ವಜನಿಕ ನಿಲುವೆಂದು ಎಣಿಸಿದರೆ ಲೇಖಕರಿಗೆ ಅನ್ಯಾಯವಾಗುತ್ತದೆ. 1859ರ ಲೇಖನವೊಂದರಲ್ಲಿ ನ್ಯೂಮನ್, ಕ್ರಿಸ್ತರ ದೈವತ್ವದ ಬಗ್ಗೆ ನಾಲ್ಕನೆಯ ಶತಮಾನದಲ್ಲಿ ನಡೆದ ಏರಿಯನ್ ವಿವಾದದ ಕಾಲದಲ್ಲಿ ಅನೇಕ ಧರ್ಮಾಧ್ಯಕ್ಷರು ಎಡವಿದಾಗ ವಿಶ್ವಾಸವನ್ನು ಉಳಿಸಿಕೊಂಡವರು ಸಾಮಾನ್ಯ ವಿಶ್ವಾಸಿಗಳೇ ಎಂದು ವಾದಿಸಿದರು. ಸುಧಾರಣೆಯ ಬಗ್ಗೆ ಅವರ ಅತ್ಯಂತ ಧೈರ್ಯದ ಮಾತು ಇದೆಂದು ನಾನು ತಿಳಿದಿದ್ದೇನೆ. ಇದನ್ನು ಆಯ್ದ ಸಾಲುಗಳಲ್ಲಿ ಓದದೆ ಪೂರ್ತಿಯಾಗಿ ಓದಬೇಕು. ಇದರ ಮೇಲೆ ರೋಮಿಗೆ ದೂರು ಹೋಯಿತು. ಇಪ್ಪತ್ತು ವರ್ಷಗಳ ನಂತರ, 1879ರಲ್ಲಿ, ಪೋಪ್ ಹದಿಮೂರನೆಯ ಲಿಯೋ, ನ್ಯೂಮನ್ ಅವರನ್ನೇ ಕಾರ್ಡಿನಲ್ ಆಗಿ ನೇಮಿಸಿದರು.