ಸ್ಯಾವೇಜ್ 99 ಕೈಗೆ ಬಂದರೆ: ಹಳೆಯ ಲಿವರ್ ಕೋವಿಗೆ ಬೆಲೆ ಕಟ್ಟುವುದು ಹೇಗೆ?

ಟ್ರಿಗರ್ ಕೆಳಗಿನ ಲಿವರ್ ಎಳೆದು ತೋಟಾ ಏರಿಸುವ ಕೋವಿಯೇ ಲಿವರ್ ಕೋವಿ. ಅಮೆರಿಕದಲ್ಲಿ ಅದು ಅಂದರೆ ಮೊದಲು ನೆನಪಾಗುವುದು ವಿಂಚೆಸ್ಟರ್. ಅದರ 1894ರ ಮಾದರಿಯೊಂದೇ 70 ಲಕ್ಷಕ್ಕೂ ಜಾಸ್ತಿ ತಯಾರಾಗಿದೆ. ಆದರೆ ಪೆನ್ಸಿಲ್ವೇನಿಯಾ, ನ್ಯೂಯಾರ್ಕ್ ಕಡೆ ಜಿಂಕೆ ಬೇಟೆಗೆ ಹೋಗುವ ಹಳಬರ ಮನೆಯಲ್ಲಿ ಆಗಾಗ ಇನ್ನೊಂದು ಕೋವಿ ಕಾಣಿಸುತ್ತದೆ. ತೋಟಾ ಸಿಡಿಸಲು ಬಡಿಯುವ ಕುದುರೆ (ಹ್ಯಾಮರ್) ಹೊರಗೆ ಕಾಣುವುದಿಲ್ಲ, ಮೈಯೆಲ್ಲ ನುಣುಪು. ಅದೇ ಸ್ಯಾವೇಜ್ 99. ಜಮೈಕಾದಲ್ಲಿ ಹುಟ್ಟಿದ ಆರ್ಥರ್ ಸ್ಯಾವೇಜ್ ನ್ಯೂಯಾರ್ಕ್ ರಾಜ್ಯದ ಯುಟಿಕಾದಲ್ಲಿ ಇದನ್ನು ತಯಾರಿಸಲು ಶುರು ಮಾಡಿದ್ದು 1899ರಲ್ಲಿ. ಈಗ ಹೊಸದು ಬರುತ್ತಿಲ್ಲ. ಅಂಥದ್ದೊಂದು ನಿಮ್ಮ ಕೈಗೆ ಬಂದರೆ ಏನು ಮಾಡಬೇಕು?

ಎಲ್ಲಕ್ಕಿಂತ ಮೊದಲು ಅದು ಖಾಲಿ ಇದೆಯಾ ನೋಡಿ. ಬಾಯಿ ಯಾರ ಕಡೆಗೂ ಇರಬಾರದು, ಬೆರಳು ಟ್ರಿಗರ್ ಹತ್ತಿರ ಹೋಗಬಾರದು. ಲಿವರ್ ಕೆಳಗೆಳೆದು ಒಳಗೆ ಕಣ್ಣು ಹಾಯಿಸಿ. ಹಳೆಯ 99ರ ಎಡಮೈಯಲ್ಲಿ ಚಿಕ್ಕ ಕಿಟಕಿಯೊಂದಿರುತ್ತದೆ, ಅದರೊಳಗೆ ಹಿತ್ತಾಳೆಯ ಅಂಕಿ. ಎಷ್ಟು ತೋಟಾ ಉಳಿದಿದೆ ಅಂತ ಅದು ಹೇಳುತ್ತದೆ. ನೋಡಲು ಬಲು ಚೆಂದ. ಆದರೆ ಸವೆದ ಕೋವಿಯಲ್ಲಿ ಅದನ್ನು ನಂಬಬೇಡಿ, ನಿಮ್ಮ ಕಣ್ಣನ್ನೇ ನಂಬಿ.

ಆ ಅಂಕಿಯ ಹಿಂದೆ ಇರುವುದೇ ಈ ಕೋವಿಯ ಜಾಣತನ. ವಿಂಚೆಸ್ಟರಿನಲ್ಲಿ ತೋಟಾಗಳು ನಳಿಗೆಯ ಕೆಳಗಿನ ಕೊಳವೆಯಲ್ಲಿ ಒಂದರ ಹಿಂದೆ ಒಂದು ಕೂರುತ್ತವೆ. ಗುಂಡಿನ ಮೂತಿ ಚೂಪಾಗಿದ್ದರೆ ಮುಂದಿನ ತೋಟಾದ ಕೇಪಿಗೆ ತಾಗಿ ಸಿಡಿಯುವ ಅಪಾಯವಿದೆ. ಹಾಗಾಗಿ ಅಲ್ಲಿ ಚಪ್ಪಟೆ ಮೂತಿಯ ಗುಂಡೇ ಗತಿ. ಸ್ಯಾವೇಜ್ ಐದು ತೋಟಾಗಳನ್ನು ಸುತ್ತುವ ಗಾಲಿಯೊಳಗೆ ಕೂರಿಸಿದ. ಚೂಪು ಗುಂಡು ಹಾಕಿದರೂ ತೊಂದರೆಯಿಲ್ಲ, ಅದು ದೂರಕ್ಕೂ ಚೆನ್ನಾಗಿ ಹೋಗುತ್ತದೆ.

ಈಗ ವಯಸ್ಸು ಹುಡುಕೋಣ. ನಳಿಗೆಯ ಮೇಲಿನ ಬರಹ ಓದಿ. ಯುಟಿಕಾ ಅಂತ ಇದ್ದರೆ ಹಳೆಯದು, ಚಿಕೊಪಿ ಫಾಲ್ಸ್ ಅಂತ ಇದ್ದರೆ ಎರಡನೇ ಮಹಾಯುದ್ಧದ ನಂತರದ್ದು. ಗುಂಡು ತಪ್ಪಿ ಹಾರದಂತೆ ತಡೆಯುವ ಸೇಫ್ಟಿ ಟ್ರಿಗರ್ ಪಕ್ಕದಲ್ಲಿದ್ದರೆ ಹಳೆಯ ಬಗೆ, ಹೆಬ್ಬೆರಳಿಗೆ ಸಿಗುವಂತೆ ಹಿಂದೆ ಮೇಲ್ಗಡೆ ಇದ್ದರೆ ಸುಮಾರು 1960ರಿಂದ ಈಚಿನದ್ದು. 1949ರಿಂದ ಸುಮಾರು ಎರಡು ದಶಕ, ಲಿವರ್‌ನ ಬುಡದಲ್ಲಿ ಪುಟ್ಟ ಅಂಡಾಕಾರದೊಳಗೆ ಒಂದು ಇಂಗ್ಲಿಷ್ ಅಕ್ಷರ ಒತ್ತುತ್ತಿದ್ದರು. ಎ ಅಂದರೆ 1949.

ತೋಟಾ ಯಾವುದು ಅನ್ನುವುದನ್ನು ಮಾತ್ರ ಎರಡು ಸಲ ನೋಡಿ. ನಮ್ಮ ಕಡೆ ತ್ರೀ ನಾಟ್ ತ್ರೀ ಅಂದರೆ ಪೊಲೀಸರ ಹಳೆಯ ರೈಫಲ್, ಅಲ್ವಾ? ಅದು .303 ಬ್ರಿಟಿಷ್. ಈ ಕೋವಿಯ ಮೇಲೆ .303 ಸ್ಯಾವೇಜ್ ಅಂತ ಇದ್ದರೆ ಅದು ಬೇರೆಯೇ ತೋಟಾ. ಒಂದರ ಬದಲು ಇನ್ನೊಂದು ಹಾಕುವಂತಿಲ್ಲ. .303 ಸ್ಯಾವೇಜ್ ಇವತ್ತು ಅಂಗಡಿಯಲ್ಲಿ ಸಿಗುವುದೇ ಕಷ್ಟ. 1920ರಲ್ಲಿ ಬಂದ .300 ಸ್ಯಾವೇಜ್ ಆದರೆ ಸಿಗುತ್ತದೆ. ಬೇಟೆಗೆ ಒಯ್ಯುವವರು ಅದಕ್ಕೇ ಆಸೆಪಡುತ್ತಾರೆ. ಸಂಗ್ರಹಕಾರರ ಲೆಕ್ಕ ಬೇರೆ. ಅವರು ಹುಡುಕುವುದು ಅಪರೂಪದ ತೋಟಾದ್ದನ್ನು, ಇಲ್ಲವೇ ನಳಿಗೆ ಬಿಚ್ಚಬಹುದಾದ ಮಾದರಿಯನ್ನು. ಅದರ ಜೊತೆ .410 ಶಾಟ್‌ಗನ್ ನಳಿಗೆಯೂ ಮೂಲ ಪೆಟ್ಟಿಗೆಯೂ ಇದ್ದರಂತೂ ಕೇಳಲೇಬೇಡಿ.

ಬೆಲೆ ಬೀಳಿಸುವುದು ಮಾತ್ರ ಎಲ್ಲರಿಗೂ ಒಂದೇ: ಕೈ ಹಾಕಿದ ಗುರುತು. ಹಳೆಯ 99ಗಳ ನೆತ್ತಿಯಲ್ಲಿ ದುರ್ಬೀನು ಕೂರಿಸುವ ತೂತು ಇರಲಿಲ್ಲ. ಆಮೇಲೆ ಯಾರೋ ಕೊರೆಸಿರುತ್ತಾರೆ. ಬೇಟೆಗೆ ಅದರಿಂದ ಅನುಕೂಲವೇ, ಬೆಲೆಗೆ ಮಾತ್ರ ಪೆಟ್ಟು. ಮರದ ಹಿಡಿಯನ್ನು ಕತ್ತರಿಸಿ ರಬ್ಬರ್ ಅಂಟಿಸಿದ್ದರೂ ಅದೇ ಕಥೆ. ಲೋಹ ಮರಕ್ಕೆ ಸೇರುವ ಜಾಗದಲ್ಲಿ ಸಣ್ಣ ಬಿರುಕಿದೆಯಾ, ಸ್ಕ್ರೂಗಳ ತಲೆ ಕಿತ್ತುಹೋಗಿದೆಯಾ ನೋಡಿ. ಹಾಗೆಯೇ, ದಯವಿಟ್ಟು, ಉಜ್ಜಿ ಹೊಳಪು ಬರಿಸಬೇಡಿ! ಹಳೆಯ ಕಂಚಿನ ಪಾತ್ರೆಗೆ ಹುಣಸೆಹಣ್ಣು ಹಾಕಿ ತಿಕ್ಕುವ ನಮ್ಮ ಕೈಗೆ ಇದು ಕಷ್ಟದ ಮಾತು, ಗೊತ್ತು. ಆದರೆ ಮಾಸಿದ ಮೂಲ ಬಣ್ಣಕ್ಕೆ ಸಿಗುವ ದುಡ್ಡು ಹೊಸ ಬಣ್ಣಕ್ಕೆ ಸಿಗುವುದಿಲ್ಲ. ತೆಳ್ಳಗೆ ಎಣ್ಣೆ ಸವರಿ ಬಿಟ್ಟರೆ ಸಾಕು.

ಹೊಡೆಯುವ ಯೋಚನೆ ಇದ್ದರೆ ಕೋವಿ ರಿಪೇರಿಯವರಿಗೆ ಒಮ್ಮೆ ತೋರಿಸಿ. ತೋಟಾ ಒಳಗೆ ಸರಿಯಾಗಿ ಕೂರುತ್ತದೆಯೇ, ಸಡಿಲವಿದೆಯೇ ಅಂತ ಅವರು ಅಳೆದು ಹೇಳುತ್ತಾರೆ. ಬೆಲೆಗೆ ಮಾತ್ರ ಮಾರುವವರು ಹೇಳುವ ರೇಟು ನೋಡಬೇಡಿ. ಹರಾಜಿನಲ್ಲಿ ನಿಜವಾಗಿ ಎಷ್ಟಕ್ಕೆ ಹೋಗಿದೆ ಅನ್ನುವುದನ್ನು ನೋಡಿ. ಅದೇ ತೋಟಾ, ಅದೇ ಕಾಲ, ಅದೇ ಸ್ಥಿತಿಯ ನಾಲ್ಕೈದು ಸಿಕ್ಕರೆ ನಿಮ್ಮದರ ಬೆಲೆ ಹತ್ತಿರಹತ್ತಿರ ಗೊತ್ತಾಗುತ್ತದೆ.

ಇನ್ನು ಕಾನೂನು. ಅಮೆರಿಕದ ಕೇಂದ್ರ ಕಾನೂನಿನಲ್ಲಿ 1898ರವರೆಗೆ ತಯಾರಾದದ್ದು ಪುರಾತನ ವಸ್ತು, ಅದಕ್ಕೆ ನಿಯಮ ಸಡಿಲ. ಪಾಪ, 99ಕ್ಕೆ ಒಂದೇ ವರ್ಷದಲ್ಲಿ ಆ ಸಡಿಲಿಕೆ ತಪ್ಪಿಹೋಯಿತು! ಹಾಗಾಗಿ ಬೇರೆ ರಾಜ್ಯದವರಿಗೆ ಮಾರುವಾಗ ಲೈಸೆನ್ಸ್ ಇರುವ ಡೀಲರ್ ಮೂಲಕವೇ ಹೋಗಬೇಕು. ಅಲ್ಲಿ ನೆಲೆಸಿರುವ ನಮ್ಮವರು ಇನ್ನೊಂದು ವಿಷಯ ಗಮನಿಸಬೇಕು. ಗ್ರೀನ್ ಕಾರ್ಡ್ ಇದ್ದವರು ಕೊಳ್ಳಬಹುದು. ಎಚ್-1ಬಿ ವೀಸಾದಲ್ಲಿ ಇರುವವರಿಗೆ ಕೊಳ್ಳುವುದಿರಲಿ, ಇಟ್ಟುಕೊಳ್ಳುವುದೂ ಸಾಮಾನ್ಯವಾಗಿ ನಿಷಿದ್ಧ. ಬೇಟೆಯ ಲೈಸೆನ್ಸ್ ಇದ್ದರೆ ವಿನಾಯಿತಿ ಉಂಟು. ಪಕ್ಕದ ಮನೆಯ ಅಜ್ಜ ಪ್ರೀತಿಯಿಂದ ಕೊಡಲು ಬಂದರೂ ಆ ಕಾಗದ ಕೈಗೆ ಬರುವವರೆಗೆ ಕೋವಿ ಅಜ್ಜನ ಮನೆಯಲ್ಲೇ ಇರಲಿ.